ಹಿಮದ ಚಂದ್ರರೂ ನಮ್ಮ ಎರೆಭೂಮಿಯೂ

ಈ ಸ್ಮರಣ ಸಂಚಿಕೆಗಾಗಿ ವಿಜ್ಞಾನವಿಷಯಕವಾದ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕವರ್ಗದವರು ನಮ್ಮನ್ನು ಕೇಳಿಕೊಂಡರು. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ತಾಯಂದಿರಾಗಿದ್ದಾರೆ. ಕೆಲವರು ಅಜ್ಜಿಯರೂ ಆಗಿದ್ದಾರೆ. ಇವರೆಲ್ಲರೂ ಓದಿ ಸಂತೋಷಪಡತಕ್ಕ ವಿಷಯ ಯಾವುದೆಂದು ಆಲೋಚಿಸುತ್ತಿರುವಾಗ, ಕೆಲವು ವರ್ಷಗಳ ಕೆಳಗೆ ನಮ್ಮ ವಿಜ್ಞಾನದ ಕೊಠಡಿಯನ್ನೂ ವಸತಿಗೃಹದ ಮಾಳಿಗೆಯನ್ನೂ ಆಕ್ರಮಿಸಿಕೊಂಡಿದ್ದ ಒಂದು ವಿಷಯವೇ ಮನಸ್ಸಿಗೆ ಬಂದಿತು. ಅದಾವುದೆಂದರೆ, ಗುರು, ಶನಿ ಮೊದಲಾದ ಹೊರಗ್ರಹಗಳನ್ನು ಸುತ್ತುವ ಹಿಮಮಯವಾದ ಚಂದ್ರರನ್ನು ಧ್ರುವೀಕೃತವಾದ ಬೆಳಕಿನ ಸಹಾಯದಿಂದ ಪರೀಕ್ಷಿಸುವ ವಿದ್ಯೆ. ಹೆಸರನ್ನು ಕೇಳಿ ವಾಚಕರು ಹೆದರಬೇಕಾಗಿಲ್ಲ. ಈ ವಿದ್ಯೆಯ ಮೊದಲನೆಯ ಪಾಠವನ್ನು ರಾಯಚೂರಿನ ಮಾವಿನ ಕೆರೆಯ ದಂಡೆಯ ಮೇಲೆ ಕಲಿಯಬಹುದು. ಎರಡನೆಯದನ್ನು ದೇವದುರ್ಗದ ಎರೆಹೊಲದಲ್ಲಿ ಕಲಿಯಬಹುದು. ನಾವು ಕಲಿಸಿದುದೂ ಹಾಗೆಯೇ.

ಬೆಳಕು ಅಲೆಯ ರೂಪದಲ್ಲಿ ಸಾಗುವುದೆಂಬುದನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರು ಮರೆತಿರಲಾರರು. ಒಂದು ಹಗ್ಗದ ತುದಿಯನ್ನು ಕಂಬಕ್ಕೆ ಕಟ್ಟಿ, ಇನ್ನೊಂದು ತುದಿಯನ್ನು ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಆಡಿಸಿದರೆ ಅಲೆಯು ಮೇಲೆ ಕೆಳಗೆ ಏಳುವುದು. ಎಡಬಲಕ್ಕೆ ಆಡಿಸಿದರೆ ಎಡಬಲಕ್ಕೆ ಬಳುಕುವುದು. ಸೂರ್ಯನಿಂದ ನೇರವಾಗಿ ಬರುವ ಬೆಳಕಿನಲ್ಲಿ ಇಂತಹ ಕಂಪನಗಳು ಎಲ್ಲ ದಿಕ್ಕುಗಳಲ್ಲಿಯೂ ಸಮನಾಗಿರುತ್ತವೆ. ಆದರೆ ಅದೇ ಬೆಳಕು ನೀರಿಗೋ ಗಾಜಿಗೋ ಮಣ್ಣಿಗೋ ತಾಗಿ ಚಿಮ್ಮಿ ಬರುವಾಗ, ಒಂದು ದಿಕ್ಕಿನ ಕಂಪನವು ಉಳಿದವುಗಳಿಗಿಂತ ಮೇಲುಗೈಯಾಗುವುದುಂಟು. ಹೀಗೆ ದಿಕ್ಕನ್ನು ಪಡೆದ ಬೆಳಕಿಗೆ ಧ್ರುವೀಕೃತವಾದ ಬೆಳಕೆಂದು ಹೆಸರು. ಪ್ರತಿಫಲಿಸಿದ ಬೆಳಕಿನ ಈ ಗುಣವನ್ನು 1808ರಲ್ಲಿ ಪ್ಯಾರಿಸ್ ನಗರದ ಮಾಲುಸ್ ಎಂಬ ವಿದ್ವಾಂಸನು ಕಂಡುಹಿಡಿದನು. ಅವನ ಕೈಯಲ್ಲಿದ್ದುದು ಒಂದು ಸ್ಫಟಿಕದ ತುಂಡು. ಎದುರಿಗಿದ್ದುದು ಅರಮನೆಯ ಕಿಟಕಿಯ ಗಾಜಿನ ಮೇಲೆ ಹೊಳೆಯುತ್ತಿದ್ದ ಸಂಜೆಯ ಬಿಸಿಲು.

ಮಾಲುಸನಿಗೆ ಸ್ಫಟಿಕವು ಬೇಕಾಯಿತು. ನಮ್ಮ ಹುಡುಗಿಯರಿಗೆ ಮೊಬೈಲು ರಿಪೇರಿಯ ಅಂಗಡಿಯೇ ಸಾಕಾಯಿತು. ಫೋನುಗಳ ಪರದೆಯ ಮೇಲೂ ಮೋಟಾರು ಸೈಕಲ್ಲಿನ ಮೀಟರಿನ ಮೇಲೂ ಒಂದು ತೆಳುವಾದ ಬೂದುಬಣ್ಣದ ಹಾಳೆ ಅಂಟಿರುತ್ತದೆ. ಬಿಸಿಲಿಗೆ ಅದು ಕೆಟ್ಟಾಗ ಅಂಗಡಿಯವರು ಸುಲಿದು ಎಸೆದು ಹೊಸದನ್ನು ಅಂಟಿಸುತ್ತಾರೆ. ಒಂದೇ ದಿಕ್ಕಿನ ಕಂಪನವನ್ನು ಮಾತ್ರ ಹೊಗಗೊಡುವ ಹಾಳೆ ಅದು. ನಮ್ಮ ವಸತಿಗೃಹದಲ್ಲಿದ್ದ ಮಾನ್ವಿ ತಾಲ್ಲೂಕಿನ ಒಬ್ಬ ಹುಡುಗಿಯು ಇಂತಹ ನಾಲ್ಕು ತುಂಡುಗಳನ್ನು ಕೇಳಿ ತಂದಳು. ಅವುಗಳಲ್ಲಿ ಎರಡು ಮಾಸಿದ್ದವು, ಎರಡು ಚೆನ್ನಾಗಿದ್ದವು. ಹಾಳೆಯನ್ನು ಕಣ್ಣಿನ ಮುಂದೆ ಹಿಡಿದು ನಿಧಾನವಾಗಿ ತಿರುಗಿಸುತ್ತ ಕೆರೆಯನ್ನು ನೋಡಿದರೆ, ಒಂದು ಸ್ಥಾನದಲ್ಲಿ ನೀರಿನ ಮೇಲಿನ ಝಳಪೆಲ್ಲವೂ ಮಾಯವಾಗಿ ಒಳಗಿನ ಪಾಚಿಯೂ ಕಲ್ಲೂ ಕಾಣುವುವು. ಇನ್ನೂ ಕಾಲು ಸುತ್ತು ತಿರುಗಿಸಿದರೆ ಝಳಪು ಮರಳಿ ಬರುವುದು.

ಇದೇ ಉಪಾಯವನ್ನು ಸರ್ ಚಂದ್ರಶೇಖರ ವೆಂಕಟ ರಾಮನ್ನರು 1921ರಲ್ಲಿ ಸಮುದ್ರದ ನಡುವೆ ಮಾಡಿ ನೋಡಿದರು. ವಿಲಾಯಿತಿಯಿಂದ ನಾರ್ಕುಂಡ ಎಂಬ ಹಡಗಿನಲ್ಲಿ ಹಿಂದಿರುಗುವಾಗ, ನಿಕಲ್ಲನ ಪಟ್ಟಕವೆಂಬ ಸ್ಫಟಿಕದ ಉಪಕರಣದಿಂದ ನೀರಿನ ಮೇಲೆ ಬಿದ್ದ ಆಕಾಶದ ಪ್ರತಿಬಿಂಬವನ್ನು ಅಳಿಸಿ, ಆಮೇಲೂ ಸಮುದ್ರದ ನೀಲಿಯು ಉಳಿಯುವುದೆಂದು ಕಂಡರು. ಹಾಗಾದರೆ ಆ ನೀಲಿಯು ಆಕಾಶದಿಂದ ಎರವಲು ತಂದುದಲ್ಲ, ನೀರಿನಲ್ಲಿ ಚದರಿದ ಬೆಳಕಿನದೇ ಎಂದು ಅವರು ಸಿದ್ಧಾಂತಮಾಡಿದರು. ಆ ವಿಚಾರದ ದಾರಿಯೇ 1928ರ ಫೆಬ್ರವರಿ 28ರ ಪ್ರಸಿದ್ಧವಾದ ಶೋಧನೆಯವರೆಗೆ ಮುಂದುವರಿಯಿತು. 1933ರಲ್ಲಿ ಅವರು ಬೆಂಗಳೂರಿಗೆ ಬಂದು ನೆಲಸಿದುದು ಎಲ್ಲರಿಗೂ ತಿಳಿದ ಸಂಗತಿ.

ನೀರಿನ ಪಾಠವಾಯಿತು, ಇನ್ನು ಮಣ್ಣಿನ ಪಾಠ. ಮಾನ್ವಿಯ ಹುಡುಗಿಗೆ ದೇವದುರ್ಗ ತಾಲ್ಲೂಕಿನ ಒಬ್ಬ ಜೊತೆಗಾತಿಯಿದ್ದಳು. ಅವಳು ರಜೆಗೆ ಊರಿಗೆ ಹೋಗಿ ಬರುವಾಗ ಒಂದು ಡಬ್ಬಿಯ ತುಂಬ ಎರೆಮಣ್ಣನ್ನು ತಂದಳು. ರಾಯಚೂರಿನ ಜಿನ್ನಿನಿಂದ ಒಂದು ಹಿಡಿ ಹತ್ತಿಯ ಅರಳೆಯೂ ಸಿಕ್ಕಿತು. ಇವೆರಡನ್ನೂ ಬೆಳಗಿನ ಇಳಿಬಿಸಿಲು ಪಕ್ಕದಿಂದ ಬೀಳುವಂತೆ ಮಾಳಿಗೆಯ ಮೇಲೆ ಇಟ್ಟರು. ಬೆಳಕಿಗೆ ತಕ್ಕಂತೆ ವಿದ್ಯುತ್ತಿನ ತಡೆ ಬದಲಾಗುವ ಒಂದು ಪುಟ್ಟ ಬಿಲ್ಲೆಯನ್ನು ಕಾಗದದ ಕೊಳವೆಯೊಳಗೆ ಕೂಡಿಸಿ, ಅದರ ಬಾಯಿಗೆ ಹಾಳೆಯನ್ನು ಹಿಡಿದು, ಒಬ್ಬಳು ಹದಿನೈದು ಹದಿನೈದು ಡಿಗ್ರಿಗಳಂತೆ ತಿರುಗಿಸಿದಳು. ಇನ್ನೊಬ್ಬಳು ಮೀಟರಿನ ಅಂಕೆಗಳನ್ನು ಬರೆದುಕೊಂಡಳು. ಎರೆಮಣ್ಣಿನ ಅಂಕೆಗಳು ಏರುತ್ತ ಇಳಿಯುತ್ತ ಸಾಗಿದವು. ಅರಳೆಯ ಅಂಕೆಗಳು ಹೆಚ್ಚು ಕಡಮೆ ನಿಂತಲ್ಲಿಯೇ ನಿಂತವು.

ಕಾರಣವು ಸುಲಭವಾಗಿದೆ. ಬಿಳಿಯ ಅರಳೆಯೊಳಗೆ ಹೊಕ್ಕ ಬೆಳಕು ಎಳೆಯಿಂದ ಎಳೆಗೆ ಅನೇಕ ಸಲ ಚಿಮ್ಮಿ, ತನ್ನ ದಿಕ್ಕನ್ನೆಲ್ಲ ಕಳೆದುಕೊಂಡು ಹೊರಬರುತ್ತದೆ. ಕರಿಮಣ್ಣಿನೊಳಗೆ ಹೊಕ್ಕ ಬೆಳಕಾದರೋ ಬಹುಮಟ್ಟಿಗೆ ಅಲ್ಲಿಯೇ ಇಂಗಿಹೋಗುತ್ತದೆ. ಮೇಲುಗಡೆಯಲ್ಲಿ ಒಂದೇ ಸಲ ಚಿಮ್ಮಿ ಬಂದುದಷ್ಟೇ ನಮ್ಮ ಕಣ್ಣಿಗೆ ದೊರೆಯುವುದು, ಅದರಲ್ಲಿ ದಿಕ್ಕು ಉಳಿದಿರುವುದು. ಕಪ್ಪಾದ ನೆಲವು ಬೆಳಕನ್ನು ಹೆಚ್ಚಾಗಿಯೂ ಬಿಳಿಯ ನೆಲವು ಕಡಮೆಯಾಗಿಯೂ ಧ್ರುವೀಕರಿಸುವುದೆಂಬ ಈ ನಿಯಮವನ್ನು ರಷ್ಯಾ ದೇಶದ ಉಮೊವ್ ಎಂಬುವರು 1905ರಲ್ಲಿ ತಿಳಿಸಿದರು.

ಇಷ್ಟನ್ನು ತಿಳಿದ ಮೇಲೆ ವಾಚಕರು ನಮ್ಮೊಡನೆ ಶನಿಗ್ರಹದವರೆಗೆ ಬರಬಹುದು. ಅಲ್ಲಿಂದ ನಮಗೆ ಬೆಳಕು ಬರುವುದಕ್ಕೆ ಸುಮಾರು 1 ಗಂಟೆ 20 ನಿಮಿಷ ಹಿಡಿಯುತ್ತದೆ. ಶನಿಯನ್ನು 79 ದಿನಗಳಿಗೊಮ್ಮೆ ಸುತ್ತುವ ಐಯಾಪೆಟಸ್ ಎಂಬ ಒಂದು ಚಂದ್ರನಿದ್ದಾನೆ. 1671ರಲ್ಲಿ ಇವನನ್ನು ಕಂಡುಹಿಡಿದ ಕ್ಯಾಸಿನಿ ಎಂಬ ಖಗೋಳಜ್ಞನಿಗೆ ಒಂದು ಸೋಜಿಗವು ಎದುರಾಯಿತು. ಶನಿಯ ಪಶ್ಚಿಮಕ್ಕಿರುವಾಗ ಚೆನ್ನಾಗಿ ಕಾಣುವ ಈ ಚಂದ್ರನು ಪೂರ್ವಕ್ಕೆ ಹೋದಾಗ ಕಾಣದೆ ಹೋಗುತ್ತಿದ್ದನು. ಒಂದು ಮುಖ ಬೆಳ್ಳಗೆ, ಇನ್ನೊಂದು ಮುಖ ಕಪ್ಪಗೆ ಇರಬೇಕೆಂದು ಕ್ಯಾಸಿನಿಯು ಊಹಿಸಿದನು. ಊಹೆಯು ನಿಜವಾಯಿತು. ಬಿಳಿಯ ಮುಖವು ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಸುಮಾರು ಅರ್ಧದಷ್ಟನ್ನು ಹಿಂದಿರುಗಿಸಿದರೆ, ಕರಿಯ ಮುಖವು ಇಪ್ಪತ್ತರಲ್ಲಿ ಒಂದು ಪಾಲನ್ನು ಮಾತ್ರ ಹಿಂದಿರುಗಿಸುತ್ತದೆ. ಒಂದು ಕಡೆ ಅರಳೆ, ಇನ್ನೊಂದು ಕಡೆ ಎರೆಮಣ್ಣು! 1970ರ ದಶಕದ ಆದಿಭಾಗದಲ್ಲಿಯೇ, ಯಾವ ನೌಕೆಯೂ ಅಲ್ಲಿಗೆ ಹೋಗುವುದಕ್ಕೆ ಮೊದಲೇ, ಈ ಎರಡು ಮುಖಗಳ ಬೆಳಕಿನ ಧ್ರುವೀಕರಣವು ಬೇರೆ ಬೇರೆಯೆಂದು ಅಳೆದು ತಿಳಿದಿದ್ದರು. ಕ್ಯಾಸಿನಿಯ ಹೆಸರನ್ನೇ ಹೊತ್ತ ನೌಕೆಯು 2004ರಿಂದ 2017ರವರೆಗೆ ಶನಿಯ ಸುತ್ತಲೂ ಇದ್ದು, 2007ರಲ್ಲಿ ಈ ಚಂದ್ರನ ಸಮೀಪಕ್ಕೆ ಹೋಗಿ ಚಿತ್ರಗಳನ್ನು ಕಳುಹಿಸಿತು. ಫೀಬೆ ಎಂಬ ಇನ್ನೊಂದು ಚಂದ್ರನ ಕಕ್ಷೆಯ ಬಳಿಯಲ್ಲಿ ಹರಡಿರುವ ಕರಿಯ ಧೂಳಿನ ಬಳೆಯೊಂದು 2009ರಲ್ಲಿ ಪತ್ತೆಯಾಯಿತು. ಆ ಧೂಳು ಮುಖಕ್ಕೆ ಮೆತ್ತಿಕೊಂಡುದೇ ಕಪ್ಪಿನ ಮೂಲವೆಂದು ಈಗ ಬಲ್ಲವರ ಮತ.

ಈ ಅಳತೆಯಲ್ಲಿ ಒಂದು ದೊಡ್ಡ ತೊಡಕುಂಟು. ಸುಗ್ಗಿಯ ಕಾಲದಲ್ಲಿ ಕಣದ ನಡುವೆ ಒಂದು ಕಂದೀಲನ್ನು ಇಟ್ಟು, ನಾವು ಅದರ ಪಕ್ಕದಲ್ಲಿಯೇ ನಿಂತಿರುವೆವೆಂದು ಭಾವಿಸೋಣ. ಕಣದ ಅಂಚಿನಲ್ಲಿ ಸುತ್ತುವವರ ಬೆಳಗಿದ ಮುಖವೇ ಯಾವಾಗಲೂ ನಮಗೆ ಕಾಣುವುದಲ್ಲದೆ, ಪಕ್ಕದಿಂದ ಬೆಳಕು ಬಿದ್ದ ಮುಖವು ಎಂದಿಗೂ ಕಾಣದು. ಸೂರ್ಯನೇ ಆ ಕಂದೀಲು. ಭೂಮಿಯು ಅದರ ಪಕ್ಕದಲ್ಲಿರುವ ನಾವು. ಬೆಳಕು ಬೀಳುವ ದಿಕ್ಕಿಗೂ ನಾವು ನೋಡುವ ದಿಕ್ಕಿಗೂ ಇರುವ ಕೋನವು ಗುರುವಿನ ವಿಷಯದಲ್ಲಿ ಸುಮಾರು 12 ಡಿಗ್ರಿಯನ್ನೂ, ಶನಿಯಲ್ಲಿ 6 ಡಿಗ್ರಿಯನ್ನೂ, ಯುರೇನಸ್ಸಿನಲ್ಲಿ 3 ಡಿಗ್ರಿಯನ್ನೂ, ನೆಪ್ಚೂನಿನಲ್ಲಿ 2 ಡಿಗ್ರಿಯನ್ನೂ ಮೀರದು. ಇಷ್ಟು ಕಿರಿದಾದ ಕೋನದಲ್ಲಿ ಹಿಮದ ಚಂದ್ರರ ಬೆಳಕಿನ ಧ್ರುವೀಕರಣವು ಸಾಮಾನ್ಯವಾಗಿ ಶೇಕಡ 1ನ್ನು ಮುಟ್ಟುವುದೂ ಕಷ್ಟ. ಹಾಳೆಯನ್ನು ತಿರುಗಿಸಿ ಕಣ್ಣಿನಿಂದ ನೋಡಿದರೆ ಏನೂ ತಿಳಿಯದು. ಆದುದರಿಂದ ಖಗೋಳಜ್ಞರು ಬೆಳಕನ್ನು ಸ್ಫಟಿಕದಿಂದ ಎರಡು ಕವಲಾಗಿ ಒಡೆದು, ಎರಡನ್ನೂ ಏಕಕಾಲದಲ್ಲಿ ಅಳೆದು ಹೋಲಿಸುತ್ತಾರೆ. ನಮ್ಮ ವಾಯುಮಂಡಲದ ಅಲುಗಾಟವು ಎರಡು ಕವಲುಗಳಿಗೂ ಸಮನಾಗಿ ತಟ್ಟುವುದರಿಂದ ಹೋಲಿಕೆಯಲ್ಲಿ ಅದು ಕಳೆದುಹೋಗುತ್ತದೆ.

ಈ ಕಿರಿದಾದ ಅಂಕೆಯಲ್ಲಿಯೇ ಹಿರಿದಾದ ಸುದ್ದಿ ಅಡಗಿದೆ. ಫ್ರಾನ್ಸಿನ ಬರ್ನಾರ್ಡ್ ಲಿಯೋ ಎಂಬುವರು 1929ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಚಂದ್ರಗ್ರಹಗಳ ಬೆಳಕನ್ನೂ ಪ್ರಯೋಗಶಾಲೆಯಲ್ಲಿಟ್ಟ ಬೂದಿ, ಮಣ್ಣು, ಕಲ್ಲುಗಳ ಬೆಳಕನ್ನೂ ಒಂದೇ ಉಪಕರಣದಿಂದ ಅಳೆದು ಹೋಲಿಸಿದರು. ನಮ್ಮ ಚಂದ್ರನ ನೆಲವು ಜ್ವಾಲಾಮುಖಿಯ ಬೂದಿಯಂತಹ ಪುಡಿಯಿಂದ ಮುಚ್ಚಿರಬೇಕೆಂದು ಅವರು ಹೇಳಿದುದು, ಮನುಷ್ಯನು ಅಲ್ಲಿ ಕಾಲಿಡುವುದಕ್ಕೆ 40 ವರ್ಷಗಳ ಮೊದಲು. ಅವರ ಶಿಷ್ಯರಾದ ದೊಲ್ಫೂಸರು 1975ರಲ್ಲಿ ಗುರುವಿನ ನಾಲ್ಕು ದೊಡ್ಡ ಚಂದ್ರರ ಅಳತೆಗಳನ್ನು ಪ್ರಕಟಿಸಿದರು. ಹಿಮದಿಂದ ಬೆಳಗುವ ಯುರೋಪಾದಲ್ಲಿ ಧ್ರುವೀಕರಣವು ಅತ್ಯಲ್ಪ. ಧೂಳು ಬೆರೆತು ಮಾಸಿದ ಕ್ಯಾಲಿಸ್ಟೋದಲ್ಲಿ ಅದಕ್ಕಿಂತ ಹೆಚ್ಚು. ಉಕ್ರೇನ್ ದೇಶದ ವೆರಾ ರೋಸೆನ್‌ಬುಷ್ ಎಂಬ ವಿದುಷಿಯು ತನ್ನ ಸಂಗಡಿಗರೊಡನೆ, ಈ ಚಂದ್ರರು ಸೂರ್ಯನಿಗೆ ಬಹುಮಟ್ಟಿಗೆ ನೇರ ಎದುರಿಗೆ ಬಂದಾಗ ಧ್ರುವೀಕರಣದಲ್ಲಿ ಒಂದು ಚೂಪಾದ ತಗ್ಗು ಕಾಣುವುದೆಂದು 1990ರ ದಶಕದಲ್ಲಿ ತೋರಿಸಿದರು. ಬೆಳಕು ಕಣದಿಂದ ಕಣಕ್ಕೆ ಹೋದ ದಾರಿಯಲ್ಲಿಯೇ ಇನ್ನೊಂದು ಕಿರಣವು ಹಿಮ್ಮುಖವಾಗಿ ನಡೆದು, ಎರಡೂ ಕೂಡಿಕೊಳ್ಳುವುದರಿಂದ ಈ ತಗ್ಗು ಉಂಟಾಗುವುದು. ಅದು ಕಾಣಬೇಕಾದರೆ ನೆಲದ ಹಿಮವು ಅತಿ ಸಣ್ಣ ಕಣಗಳಾಗಿರಬೇಕು; ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಎಷ್ಟೋ ಅಷ್ಟರ ಆಸುಪಾಸಿನವು. ದೂರದರ್ಶಕದಲ್ಲಿ ಚುಕ್ಕೆಯಾಗಿ ಕಾಣುವ ಲೋಕದ ನೆಲದ ಹರಳು ಎಷ್ಟು ಸಣ್ಣದೆಂದು, ಅದನ್ನು ಮುಟ್ಟದೆಯೇ ಹೇಳುವುದೆಂದರೆ ಸಾಮಾನ್ಯವೆ?

ನಮ್ಮ ಸೀಮೆಗೂ ಈ ಚಂದ್ರರಿಗೂ ಸಂಬಂಧವೇ ಇಲ್ಲವೆಂದು ತಿಳಿಯಬಾರದು. ರಾಯಚೂರು ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದ ಕಾಲದಲ್ಲಿ ರಾಜಧಾನಿಯ ನಿಜಾಮಿಯಾ ವೀಕ್ಷಣಾಲಯದಲ್ಲಿ ಕೆಲಸ ಮಾಡುತ್ತಿದ್ದವರೊಬ್ಬರ ಮಗನೇ ಮುಂದೆ ಪ್ರಖ್ಯಾತರಾದ ವೈನು ಬಾಪು. ಬೆಂಗಳೂರಿನಲ್ಲಿ ಕೇಂದ್ರಸ್ಥಾನವುಳ್ಳ ಭಾರತೀಯ ಖಭೌತ ಸಂಸ್ಥೆಯನ್ನೂ, ತಮಿಳುನಾಡಿನ ಜವಾದಿ ಬೆಟ್ಟಗಳಲ್ಲಿರುವ ಕವಲೂರಿನ ವೀಕ್ಷಣಾಲಯವನ್ನೂ ಕಟ್ಟಿ ಬೆಳೆಸಿದವರು ಅವರು. 1972ರ ಜೂನ್ 7ರಂದು ಗುರುವಿನ ಚಂದ್ರನಾದ ಗ್ಯಾನಿಮೀಡನು ಒಂದು ನಕ್ಷತ್ರವನ್ನು ಮರೆಮಾಡಿದಾಗ, ಕವಲೂರಿನ ಹೊಸ 1 ಮೀಟರಿನ ದೂರದರ್ಶಕದಿಂದ ಅದನ್ನು ಅಳೆದರು. ಆ ಅಳತೆಯಿಂದಲೇ ಗ್ಯಾನಿಮೀಡನಿಗೆ ತೆಳುವಾದ ವಾಯುವಿನ ಹೊದಿಕೆ ಇರಬಹುದೆಂಬ ವಿಚಾರವು ಹೊರಟಿತು.

ಇದಕ್ಕಿಂತಲೂ ಹತ್ತಿರದ ಸಂಬಂಧವು ರೇಡಾರಿನದು. ರೇಡಾರಿನ ಅಲೆಯನ್ನು ತಿರುಪಿನಂತೆ ಸುತ್ತುತ್ತ ಹೋಗುವ ಹಾಗೆ ಕಳುಹಿಸಬಹುದು. ನುಣುಪಾದ ನೆಲಕ್ಕೆ ತಾಗಿ ಮರಳುವಾಗ ಆ ಸುತ್ತು ಬಲವಿದ್ದುದು ಎಡವಾಗುವುದು. ಆದರೆ 1970ರ ದಶಕದಲ್ಲಿ ಪೋರ್ಟೊ ರಿಕೊ ದ್ವೀಪದ ಅರೆಸಿಬೊದಿಂದ ಯುರೋಪಾ, ಗ್ಯಾನಿಮೀಡ್, ಕ್ಯಾಲಿಸ್ಟೋಗಳಿಗೆ ಅಲೆಗಳನ್ನು ಕಳುಹಿಸಿದಾಗ, ಸುತ್ತು ಬದಲಾಗದೆ ಬಂದ ಪಾಲೇ ಹೆಚ್ಚಾಗಿತ್ತು. ಹಿಮದ ಒಳಹೊಕ್ಕು ಮತ್ತೆ ಮತ್ತೆ ಚಿಮ್ಮಿ ಬಂದ ಅಲೆಯ ಗುರುತು ಅದು. ಆ ಗುರುತನ್ನು ತಿಳಿದುದರಿಂದಲೇ, 2019ರ ಆಗಸ್ಟ್ 20ರಂದು ನಮ್ಮ ಚಂದ್ರನ ಕಕ್ಷೆಯನ್ನು ಸೇರಿದ ಚಂದ್ರಯಾನ-2ರ ರೇಡಾರು ಅಲ್ಲಿನ ಧ್ರುವಪ್ರದೇಶದ ಕತ್ತಲೆಯ ಗುಂಡಿಗಳಲ್ಲಿ ಹಿಮವನ್ನು ಹುಡುಕಿತು. ಆ ನೌಕೆಯೊಡನೆ ಮಾತನಾಡಿದುದು ಬೆಂಗಳೂರಿನ ಬಳಿಯ ಬ್ಯಾಲಾಳಿನ 32 ಮೀಟರಿನ ಆಂಟೆನಾ. ಆದರೆ ಒಡೆದ ಬಂಡೆಗಳ ರಾಶಿಯೂ ಅಂತಹದೇ ಗುರುತನ್ನು ಕೊಡಬಲ್ಲದು. ಕಲ್ಲುಗುಡ್ಡಗಳ ಊರಾದ ರಾಯಚೂರಿನವರಿಗೆ ಈ ಸಂದೇಹವನ್ನು ವಿವರಿಸಬೇಕಾದುದಿಲ್ಲ. ಹಿಮವೋ ಬಂಡೆಯೋ ಎಂಬುದನ್ನು ಬೇರೆ ಸಾಕ್ಷಿಗಳೊಡನೆ ಕೂಡಿಸಿ ತೂಗಿಯೇ ಹೇಳಬೇಕು.

ಇಷ್ಟೆಲ್ಲ ಕೇಳಿದ ಮೇಲೆ ಪೋಷಕರ ಮನಸ್ಸಿನಲ್ಲಿ ಏಳತಕ್ಕ ಪ್ರಶ್ನೆಯನ್ನು ನಾವು ಬಲ್ಲೆವು. ಮಾನ್ವಿಯ ಹುಡುಗಿಯ ತಂದೆಯವರೂ ಅದನ್ನೇ ಕೇಳಿದರು. ಅವರು ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗೆ ನೆಲ್ಲು ಬೆಳೆಯುವವರು. ಮಗಳು ರಜೆಯಲ್ಲಿ ಗದ್ದೆಯ ಬದುವಿನ ಮೇಲೆ ನಿಲ್ಲಿಸಿ ಹಾಳೆಯನ್ನು ಅವರ ಕೈಗೆ ಕೊಟ್ಟಿದ್ದಳು. ಹತ್ತನೆಯ ತರಗತಿಯಾದ ಮೇಲೆ ಆಕೆಯನ್ನು ಬಿಡಿಸಿಕೊಂಡು ಹೋಗಬೇಕೆಂದು ಬಂದವರು ನಮ್ಮೊಡನೆ ಹೀಗೆಂದರು: “ನಮ್ಮ ಗದ್ದಿ ನೀರಿನ ತಳ ಇಷ್ಟು ಚೊಲೊ ಎಂದೂ ಕಂಡಿದ್ದಿಲ್ಲ, ಟೀಚರಮ್ಮ. ಆದ್ರ ಆಕಾಶದಾಗಿನ ಚಂದ್ರಾಮನ ಮಣ್ಣು ನೋಡಿ ನಮ್ಮ ಹುಡುಗಿ ಏನ್ ಮಾಡಬೇಕ್ರಿ?”

ಹೊಲದ ಬಣ್ಣವನ್ನು ನೋಡಿಯೇ ಯಾವ ಮಡಿಯಲ್ಲಿ ಹಸಿ ಉಂಟು, ಯಾವುದರಲ್ಲಿ ಆರಿದೆಯೆಂದು ತಾವು ಹೇಳುವಿರಲ್ಲವೆ, ತಮ್ಮ ಮಗಳು ಕಲಿಯುತ್ತಿರುವುದೂ ಅದೇ ವಿದ್ಯೆ, ನೋಡುವ ದೂರ ಮಾತ್ರ ಹೆಚ್ಚು ಎಂದು ನಾವು ಉತ್ತರಕೊಟ್ಟೆವು. ಅಂದು ಹೇಳಲಾಗದಿದ್ದ ಇನ್ನೊಂದು ಮಾತನ್ನು ಈಗ ಸೇರಿಸಬಹುದು. 2025ರ ಜುಲೈ 30ರಂದು ಶ್ರೀಹರಿಕೋಟದಿಂದ ಮೇಲಕ್ಕೇರಿದ ನಿಸಾರ್ ಎಂಬ ಉಪಗ್ರಹದ ಭಾಗಗಳನ್ನು ಜೋಡಿಸಿದುದು ಬೆಂಗಳೂರಿನಲ್ಲಿ. ಧ್ರುವೀಕೃತವಾದ ರೇಡಾರಿನಿಂದ ಹೊಲಗಳ ತೇವವನ್ನೂ ಬೆಳೆಯ ಸ್ಥಿತಿಯನ್ನೂ ಅಳೆಯುವುದು ಅದರ ಕೆಲಸಗಳಲ್ಲಿ ಒಂದು. ಯುರೋಪಾದ ಹಿಮವನ್ನು ಓದಿದ ವಿದ್ಯೆಯು ಮಾನ್ವಿಯ ಗದ್ದೆಯನ್ನೂ ಓದಬಲ್ಲದು.

ತಂದೆಯವರು ನಮ್ಮ ಮಾತಿಗೆ ಆ ದಿನ ಏನನ್ನೂ ಹೇಳಲಿಲ್ಲ. ಆದರೆ ಹುಡುಗಿಯ ಅತ್ತೆಯವರೊಬ್ಬರು ರಾಯಚೂರಿನಲ್ಲಿದ್ದು, ತಮ್ಮ ಮನೆಯಲ್ಲಿಟ್ಟುಕೊಂಡು ಓದಿಸುವೆವೆಂದು ಮುಂದೆ ಬಂದರು. ಆಕೆ ಪಿ.ಯು.ಸಿ. ಮುಗಿಸಿ ಈಗ ಭೌತಶಾಸ್ತ್ರವನ್ನು ವಿಷಯವಾಗಿಟ್ಟುಕೊಂಡು ಬಿ.ಎಸ್‌ಸಿ. ಓದುತ್ತಿದ್ದಾಳೆ. ದೇವದುರ್ಗದ ಜೊತೆಗಾತಿಗೆ ಅಂತಹ ಅತ್ತೆಯಿರಲಿಲ್ಲ. ಮನೆಯಲ್ಲಿ ತಾಯಿಗೆ ಕಾಯಿಲೆ, ಕೆಳಗೆ ಚಿಕ್ಕ ತಮ್ಮಂದಿರು. ಹತ್ತನೆಯ ತರಗತಿಗೆ ಅವಳ ಓದು ನಿಂತಿತು. ಅಂಕೆಗಳನ್ನು ಬರೆದುಕೊಂಡವಳು ಅವಳೇ. ಆ ನೋಟ್ ಪುಸ್ತಕವು ನಮ್ಮ ಬಳಿಯಲ್ಲಿದೆ. ಒಂದೊಂದು ಸಾಲಿನಲ್ಲಿ ಕೋನ, ಅದರ ಮುಂದೆ ಮೀಟರಿನ ಅಂಕೆ, ಮೋಡ ಅಡ್ಡಬಂದ ಕಡೆ “ಮತ್ತೆ ನೋಡಬೇಕು” ಎಂಬ ಗುರುತು. ಇಬ್ಬರಲ್ಲಿ ಹೆಚ್ಚು ಎಚ್ಚರಿಕೆಯುಳ್ಳವಳು ಯಾರೆಂದು ನಮ್ಮನ್ನು ಕೇಳಿದರೆ, ನಾವು ಆ ಪುಸ್ತಕವನ್ನೇ ಮುಂದಿಡುವೆವು. ನಾವೂ ದೇವದುರ್ಗದವರೇ. ನಮ್ಮ ಕಾಲದಲ್ಲಿ ನಮ್ಮ ಅಜ್ಜಿಯು ತನ್ನ ಬಳೆಗಳನ್ನು ಮಾರಿ ಕಾಲೇಜಿಗೆ ಕಳುಹಿಸದೆ ಇದ್ದಿದ್ದರೆ, ನಾವೂ ಅಲ್ಲಿಯೇ ನಿಂತಿರುತ್ತಿದ್ದೆವು.

ಇದೇ ಬೆಂಗಳೂರಿನಲ್ಲಿ 1940ರಿಂದ ರಾಮನ್ನರ ಪ್ರಯೋಗಶಾಲೆಯಲ್ಲಿ ಅಣ್ಣಾ ಮಣಿ ಎಂಬ ತಿರುವಾಂಕೂರಿನ ಯುವತಿಯು ವಜ್ರ ಮಾಣಿಕ್ಯಗಳು ಹೊರಸೂಸುವ ಬೆಳಕನ್ನು ಪರೀಕ್ಷಿಸುತ್ತಿದ್ದರು. ಒಂದೊಂದು ಚಿತ್ರಕ್ಕೆ 15, 20 ಗಂಟೆಗಳ ಕಾಲ ಬೆಳಕು ಬೀಳಬೇಕಾಗಿದ್ದುದರಿಂದ ರಾತ್ರಿಯೆಲ್ಲ ಪ್ರಯೋಗಶಾಲೆಯಲ್ಲಿ ಕಳೆಯುತ್ತಿದ್ದರೆಂದು ಕೇಳಿದ್ದೇವೆ. 1942ರಿಂದ 1945ರವರೆಗೆ ಐದು ಪ್ರಬಂಧಗಳನ್ನು ತಾವೊಬ್ಬರೇ ಬರೆದು ಪ್ರಕಟಿಸಿದರೂ, ಎಂ.ಎಸ್‌ಸಿ. ಪದವಿಯಿಲ್ಲವೆಂಬ ಕಾರಣದಿಂದ ಡಾಕ್ಟರೇಟು ಅವರಿಗೆ ದೊರೆಯಲಿಲ್ಲ. ಅವರು ಕೆಲಸವನ್ನು ಬಿಡಲಿಲ್ಲ. ಮುಂದೆ ಭಾರತದ ಹವಾಮಾನ ಇಲಾಖೆಯ ಉಪಕರಣಗಳನ್ನು ನಮ್ಮ ದೇಶದಲ್ಲಿಯೇ ತಯಾರಿಸುವ ಏರ್ಪಾಡನ್ನು ಕಟ್ಟಿದರು. ಇವರ ಹೆಸರನ್ನು ನಮ್ಮ ಹುಡುಗಿಯರಿಗೆ ಹೇಳುವಾಗ, ಎಲ್ಲರೂ ಅಣ್ಣಾ ಮಣಿಯರಾಗಬೇಕೆಂದು ನಾವು ಹೇಳುವುದಿಲ್ಲ. ರಾತ್ರಿ ಕುಳಿತು ನೋಡುವ ಅವಕಾಶವನ್ನು ಒಬ್ಬಳಿಗೆ ಕೊಟ್ಟರೆ ಅವಳು ಏನನ್ನು ತರುವಳೆಂಬುದನ್ನು ಮೊದಲೇ ಬಲ್ಲವರಾರು ಎಂದಷ್ಟೇ ಹೇಳುತ್ತೇವೆ.

ಗುರುವಿನ ಚಂದ್ರರ ಬಳಿಗೆ ಎರಡು ನೌಕೆಗಳು ಈಗ ದಾರಿಯಲ್ಲಿವೆ. 2024ರ ಅಕ್ಟೋಬರಿನಲ್ಲಿ ಹೊರಟ ಯುರೋಪಾ ಕ್ಲಿಪ್ಪರ್ 2030ರಲ್ಲಿಯೂ, 2023ರ ಏಪ್ರಿಲಿನಲ್ಲಿ ಹೊರಟ ಜೂಸ್ ಎಂಬುದು 2031ರಲ್ಲಿಯೂ ಗುರುವನ್ನು ಸೇರಬೇಕೆಂದು ಗೊತ್ತುಮಾಡಿದೆ. ಈಗ ಎಂಟನೆಯ ತರಗತಿಯಲ್ಲಿರುವ ನಮ್ಮ ಮಕ್ಕಳು ಆ ವೇಳೆಗೆ ಕಾಲೇಜಿನಲ್ಲಿರತಕ್ಕವರು, ಇರಬೇಕಾದವರು.

ಕಡೆಯಲ್ಲಿ ನಮ್ಮ ಅರಿಕೆಗಳು ಮೂರು. ನಮ್ಮ ಹಳೆಯ ವಿದ್ಯಾರ್ಥಿನಿಯರು ತಮ್ಮ ಊರಿನ ರಿಪೇರಿಯ ಅಂಗಡಿಯಲ್ಲಿ ಎಸೆದ ಹಾಳೆಗಳು ದೊರೆತರೆ ಅಂಚೆಯಲ್ಲಿ ಶಾಲೆಗೆ ಕಳುಹಿಸಿಕೊಡಬೇಕು, ಮಾಸಿದ್ದರೂ ಚಿಂತೆಯಿಲ್ಲ. ರಾಯಚೂರಿನಲ್ಲಿ ಮನೆಯುಳ್ಳವರು, ಹಳ್ಳಿಯಿಂದ ಬಂದ ಒಬ್ಬ ಹುಡುಗಿಗೆ ಓದಿನ ಕಾಲದಲ್ಲಿ ಒಂದು ಮೂಲೆಯನ್ನು ಕೊಡಬಲ್ಲರೆ ನಮಗೆ ಒಂದು ಕಾಗದ ಬರೆಯಬೇಕು. ಪೋಷಕರಾದರೋ, ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಹಾಸಿಗೆ ಹಾಕಿದಾಗ ಮಗಳು ಮಲಗದೆ ಆಕಾಶವನ್ನು ನೋಡುತ್ತ ಕುಳಿತಿದ್ದರೆ, ಬೇಗ ಮಲಗೆಂದು ಗದರಿಸುವುದಕ್ಕೆ ಮೊದಲು ಏನನ್ನು ನೋಡುತ್ತಿರುವೆಯೆಂದು ಒಂದು ಮಾತು ಕೇಳಬೇಕು.